ಹೆಂಡತಿಯ ಮೇಜಿಗೆ ನಾನು ಮಾಡಿದ ಖಾನೆಪೆಟ್ಟಿಗೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಅಂದುಕೊಂಡ ಹಾಗೆ ನಡೆದದ್ದು ನನಗೆ ನೆನಪಿಲ್ಲ. ಹಾಗಂತ ಅರ್ಧಕ್ಕೆ ನಿಂತದ್ದೂ ಇಲ್ಲ. ಎಲ್ಲಿಗೋ ಹೊರಟು ಇನ್ನೆಲ್ಲಿಗೋ ಮುಟ್ಟಿ, ಇರಲಿ, ಇದೂ ಚಲೋ ಆಯಿತು ಎಂದು ಕೂತುಬಿಡುವ ಮಂದಿ ನಾವು. ಹೋದ ದಸರೆಗೆ ನಾನು ಮಾಡಿದ ಖಾನೆಪೆಟ್ಟಿಗೆಯದೂ ಅದೇ ಕತೆ.

ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು-ಫೇಲು ಮಾಡುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ತಳೇಗಾಂವದ ಮನೆಯಲ್ಲಿ ಕೂತ ಮೇಲೆ ಪಾಸು-ಫೇಲು ಮಾಡಲು ಉಳಿದದ್ದು ಹೆಂಡತಿಯ ಚಪಾತಿ ಮಾತ್ರ. ಅದು ಬಹಳ ದಿನ ನಡೆಯಲಿಲ್ಲ.

ಹೆಂಡತಿ ಮದುವೆಗೆ ಮುಂಚೆ ಧಾರವಾಡದಲ್ಲಿ ಶಾಲೆಯ ಟೀಚರಾಗಿದ್ದವಳು. ಪುಣೆಗೆ ಬಂದ ಮೇಲೆ ಮಕ್ಕಳು, ಅತ್ತೆ, ನನ್ನ ಶಿಫ್ಟು ಇವುಗಳ ನಡುವೆ ಅದು ಹಿಂದೆ ಬಿತ್ತು. ಈಗ ಮಕ್ಕಳು ದೊಡ್ಡವರಾಗಿ ಅವರವರ ಊರಿನಲ್ಲಿದ್ದಾರೆ; ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ. ನಮ್ಮ ಕಾಲೊನಿಯ ಕನ್ನಡ ಮನೆಗಳ ಹುಡುಗರು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೊಂದು ಕ್ಲಾಸು ತೆರೆಯುತ್ತೇನೆ, ದಸರೆಯ ಬೆಳಿಗ್ಗೆ ಶುರು ಎಂದಳು. ಅವಳ ಮುಖದಲ್ಲಿ ಅಂಥ ಹುರುಪು ನೋಡಿ ಎಷ್ಟೋ ವರ್ಷಗಳಾಗಿದ್ದವು. ನನಗೆ ಸಂತೋಷವಾಯಿತು.

ಕ್ಲಾಸಿಗೆ ಊಟದ ಮೇಜು ಬಿಟ್ಟುಕೊಡುತ್ತೀರಾ ಎಂದು ಒಮ್ಮೆ ಕೇಳಿದಳು. ಹಾಗಾದರೆ ಊಟ ಎಲ್ಲಿ ಮಾಡುವುದು ಎಂದು ನಾನು ಆ ಮಾತನ್ನು ಅಲ್ಲಿಗೇ ಮುಗಿಸಿದೆ. ಅವಳು ಸುಮ್ಮನೆ ಹಾಲಿನ ಮೂಲೆಯಲ್ಲಿ ಒಂದು ಮಡಚುವ ಮೇಜು ಹಾಕಿಕೊಂಡಳು. ಅದರ ಮೇಲೆ ಇಬ್ಬರು ಹುಡುಗರು ಬರೆಯತೊಡಗಿದರೆ ಮೂರನೆಯವನ ಮೊಣಕೈ ಗಾಳಿಯಲ್ಲಿ ಇರಬೇಕು. ಆಗ ನಾನು ದೊಡ್ಡ ಮನಸ್ಸು ಮಾಡಿ, ಪೆನ್ನು, ಪೆನ್ಸಿಲ್ಲು, ಕತ್ತರಿ, ಬಣ್ಣದ ಕಡ್ಡಿ ಎಲ್ಲ ಇಡಲು ಕಟ್ಟಿಗೆಯ ಖಾನೆಪೆಟ್ಟಿಗೆ ಒಂದನ್ನು ಕೈಯಾರೆ ಮಾಡಿಕೊಡುತ್ತೇನೆ ಎಂದೆ.

ಒಳಗೆ ಹೋದ ಪೆನ್ನು

ಮೊದಲು ಪೆನ್ನಿನ ಖಾನೆ. ಒಂದು ದಪ್ಪ ತುಂಡಿಗೆ ತೂತು ಕೊರೆಯುವುದಷ್ಟೇ ಕೆಲಸ. ಆದರೆ ಕಾರ್ಖಾನೆಯ ಚಾಳಿ ಬಿಡಬೇಕಲ್ಲ. ವರ್ನಿಯರ್ ಹಿಡಿದು ಪೆನ್ನನ್ನು ಮೂರು ಕಡೆ ಅಳೆದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಕೊರೆದೆ. ಪೆನ್ನು ಒಂದು ನಿಟ್ಟುಸಿರಿಟ್ಟು ಒಳಗೆ ಇಳಿಯಿತು. ಇಂಥ ಫಿಟ್ಟಿಂಗು ಭೋಸರಿಯಲ್ಲೂ ಸಿಗುವುದಿಲ್ಲ ಎಂದು ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಪೆನ್ನು ಹಿಡಿದು ಎತ್ತಿದಳು. ಜೊತೆಗೆ ತುಂಡೂ ಮೇಲೆದ್ದು ಬಂತು. ಅಲುಗಾಡಿಸಿದಳು, ತಿರುವಿದಳು, ಬರಲಿಲ್ಲ. ಕೊನೆಗೆ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಒಂದು ಕಾಗದದ ಮೇಲೆ ಬರೆಯುವ ಹಾಗೆ ಮಾಡಿ ಹೇಳಿದಳು: "ಹುಡುಗರು ಬರಿಯೂದು ಕಲೀತಾವೋ ಇಲ್ಲೋ, ತೋಳು ಮಾತ್ರ ಗಟ್ಟಿ ಆಗ್ತಾವ ನೋಡ್ರಿ."

ಫೇಲಾದ ಭಾಗಕ್ಕೆ ಕೆಂಪು ಬಣ್ಣದ ಬೊಟ್ಟು ಇಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಕೈ ತಾನಾಗಿಯೇ ಹೋಗಿ ಬೊಟ್ಟು ಇಟ್ಟಿತು. ಮರುದಿನ ನೋಡಿದರೆ ಆ ತುಂಡು ದೇವರ ಗೂಡಿನಲ್ಲಿತ್ತು. ಕುಂಕುಮ ಹಚ್ಚಿದ್ದನ್ನು ನೆಲದ ಮೇಲೆ ಬಿಡಬಾರದೆಂದು ಅವ್ವ ಅದಕ್ಕೊಂದು ಹೂವನ್ನೂ ಏರಿಸಿದ್ದಳು.

ಕೆಳಗಿನ ಮನೆಯ ಕಾಕಾ

ಪುಣೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಎಷ್ಟು ಮರ್ಯಾದೆ ಇದೆ ಎಂದು ಇಲ್ಲಿ ಇಷ್ಟು ವರ್ಷ ಕಳೆದ ನನಗೆ ಗೊತ್ತಿರಬೇಕಿತ್ತು. ಊಟ ಮುಗಿಸಿ ಗರಗಸ ಹಿಡಿದೆ. ಐದು ನಿಮಿಷಕ್ಕೆ ಕೆಳಗಿನ ಮನೆಯ ಕಾಕಾ ಬನಿಯನ್ನಿನಲ್ಲೇ ಮೇಲೆ ಬಂದರು. ಬಹಳ ಸಭ್ಯ ಮರಾಠಿಯಲ್ಲಿ, ಒಂದೂ ಒರಟು ಮಾತಿಲ್ಲದೆ, ನನ್ನನ್ನು ಚೆನ್ನಾಗಿ ಜಾಡಿಸಿದರು. ನಾನು ಕ್ಷಮೆ ಕೇಳಿ ಗರಗಸ ಕೆಳಗಿಟ್ಟು, ಸದ್ದು ಕಡಿಮೆ ಎಂದು ಮರಳುಕಾಗದ ತೆಗೆದುಕೊಂಡೆ. ಅದರ ಸದ್ದು ಎಷ್ಟು ಬರುತ್ತದೋ ನೋಡಿಯೇ ಹೋಗುತ್ತೇನೆಂದು ಕಾಕಾ ಸೋಫಾದ ಮೇಲೆ ಕೂತರು.

ನಾನು ಹಲಗೆ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಕಾಕಾ ಗೊರಕೆ ಹೊಡೆಯುತ್ತಿದ್ದರು. ನಾನು ತಿಕ್ಕುವುದು ನಿಲ್ಲಿಸಿದರೆ ಕಣ್ಣು ಬಿಡುತ್ತಾರೆ, ಮುಂದುವರಿಸಿದರೆ ಮುಚ್ಚುತ್ತಾರೆ. ಹೆದರಿ ಸಂಜೆಯ ಚಹಾದ ತನಕ ತಿಕ್ಕಿದೆ. ದಪ್ಪ ಹಲಗೆಯಾಗಿದ್ದದ್ದು ತೆಳುವಾಯಿತು.

ಮರುದಿನ ಊಟವಾದ ಕೂಡಲೇ ಕಾಕಾ ಹಾಜರ್. ಈ ಸಲ ಒಂದು ತಲೆದಿಂಬು ತಂದಿದ್ದರು. ಹಲಗೆ ಎಲ್ಲ ತಿಕ್ಕಿ ಮುಗಿದ ದಿನ ಅವರ ಹೆಂಡತಿ ಕಾಕೂ ಸ್ವತಃ ಮೇಲೆ ಬಂದು ಒಂದು ಬಟ್ಟಲು ಚಿವಡಾ ಕೊಟ್ಟರು. ನಿವೃತ್ತಿಯಾದಾಗಿನಿಂದ ಇವರಿಗೆ ಇಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲ, ಇದು ಮುಗಿದ ಮೇಲೆ ಒಂದು ಕಪಾಟು ಮಾಡಲು ಆಗುತ್ತದೆಯೇ ಎಂದು ಕೇಳಿದರು.

ಅಂಟು

ಅಷ್ಟಮಿಯ ದಿನ ಜೋಡಣೆ. ಮಡಚುವ ಮೇಜು ಅಲ್ಲಾಡುತ್ತದೆಂದು ಊಟದ ಮೇಜನ್ನೇ ಖಾಲಿ ಮಾಡಿಕೊಂಡೆ. ಮೊದಲು ಗಾಜಿನ ಹಾಗೆ ತಿಳಿಯಾದ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದೆ. ಈ ಹಾಳೆ ಇಲ್ಲದಿದ್ದರೆ ಅಂಟು ಕೆಳಗಿಳಿದು ಪೆಟ್ಟಿಗೆ ಮೇಜಿಗೇ ಕಚ್ಚಿಕೊಳ್ಳುತ್ತದೆ ಎಂದು ಅವ್ವನಿಗೂ ಹೆಂಡತಿಗೂ ಬಿಡಿಸಿ ಹೇಳಿದೆ. ಇಬ್ಬರೂ ಗಮನವಿಟ್ಟು ಕೇಳಿದರು. ಆಗಲೇ ನನಗೆ ಸಂಶಯ ಬರಬೇಕಿತ್ತು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳುವುದಿಲ್ಲ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಕಾಕಾ, ದಿಂಬಿನ ಸಮೇತ. ಅವರನ್ನು ಸೋಫಾಕ್ಕೆ ಒಪ್ಪಿಸಿ ಬಂದು ಹಲಗೆಗಳಿಗೆ ಧಾರಾಳವಾಗಿ ಅಂಟು ಬಳಿದು ಕೂಡಿಸಿ, ಭಾರಕ್ಕೆ ಅಕ್ಕಿಯ ಡಬ್ಬಿ ಏರಿಸಿ ಎದ್ದೆ.

ಮರುದಿನ ಖಂಡೇನವಮಿ, ಆಯುಧಪೂಜೆ. ನಾನು ಏಳುವ ಹೊತ್ತಿಗೆ ಅವ್ವ ಪೂಜೆ ಮುಗಿಸಿದ್ದಳು. ಗರಗಸ, ಸುತ್ತಿಗೆ, ಉಳಿ, ನನ್ನ ವರ್ನಿಯರ್, ಅಡುಗೆಮನೆಯ ಈಳಿಗೆ ಎಲ್ಲಕ್ಕೂ ಅರಿಷಿಣ ಕುಂಕುಮ, ಚೆಂಡುಹೂವು. ದಸರೆಯ ಸಂಜೆ ಬನ್ನಿ ಮನೆಗೆ ಬರುವ ತನಕ ಯಾವುದಕ್ಕೂ ಕೈ ಹಚ್ಚುವ ಹಾಗಿಲ್ಲ. ನನಗೇನು, ಕೆಲಸ ಮುಗಿದಿದೆ ಎಂದು ಅಕ್ಕಿ ಡಬ್ಬಿ ಇಳಿಸಿ ಪೆಟ್ಟಿಗೆಯನ್ನು ಎತ್ತಿದೆ. ಊಟದ ಮೇಜಿನ ಎರಡು ಕಾಲು ನೆಲ ಬಿಟ್ಟವು.

ಕೆಳಗೆ ಪ್ಲಾಸ್ಟಿಕ್ ಹಾಳೆಯ ಸುಳಿವೇ ಇರಲಿಲ್ಲ. ಹಾಸಿದ್ದೇನೆಂದು ನನಗೆ ನೆನಪು; ಹಾಳೆ ಕಾಣುವಂಥದ್ದಲ್ಲ, ಇದೆಯೋ ಇಲ್ಲವೋ ಎಂದು ಆಮೇಲೆ ನೋಡಿರಲಿಲ್ಲ. ಬೆಳಗಾದರೆ ಕ್ಲಾಸು. ಅವಳು ಇಷ್ಟು ವರ್ಷ ಕಾದ ದಿನ, ನನ್ನಿಂದಾಗಿ ಮೊದಲ ಹೆಜ್ಜೆಯೇ ಎಡವಿತಲ್ಲ. ಎರಡೇ ಎರಡು ನಿಮಿಷ ಉಳಿ ಕೊಡು ಎಂದು ಅವ್ವನನ್ನು ಬೇಡಿಕೊಂಡೆ. ಅವ್ವ ಉಳಿಗೆ ಕೈಮುಗಿದು ಇನ್ನೊಂದು ಹೂವು ಇಟ್ಟಳು. ಕಾಕಾನ ಮನೆಗೆ ಓಡಿದೆ, ಅವರದೂ ಪೂಜೆಯಲ್ಲಿತ್ತು. ಸುತ್ತ ಇಷ್ಟೊಂದು ಕಾರ್ಖಾನೆಗಳಿರುವ ತಳೇಗಾಂವದಲ್ಲಿ ಅಂದು ಹೂವು ಏರದ ಒಂದು ಉಳಿ ನನಗೆ ಸಿಗಲಿಲ್ಲ.

ದಸರೆ

ಬೆಳಿಗ್ಗೆ ಹುಡುಗರು ಹೊಸ ಬಟ್ಟೆ ಹಾಕಿಕೊಂಡು, ಇಲ್ಲಿಯ ರೂಢಿಯಂತೆ ಪಾಟಿಯ ಮೇಲೆ ಸರಸ್ವತಿಯ ಚಿತ್ರ ಬರೆದುಕೊಂಡು ಬಂದರು. ಬೇರೆ ದಾರಿಯಿಲ್ಲದೆ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂಡಿಸಿದೆವು. ಎಲ್ಲರಿಗೂ ಜಾಗವಾಯಿತು, ಯಾರ ಮೊಣಕೈಯೂ ಗಾಳಿಯಲ್ಲಿರಲಿಲ್ಲ. ನಡುವೆ ನನ್ನ ಪೆಟ್ಟಿಗೆ ಬಂಡೆಯ ಹಾಗೆ ಕೂತಿತ್ತು. ಹುಡುಗರು ಎಷ್ಟು ಎಳೆದಾಡಿದರೂ ಜಗ್ಗಲಿಲ್ಲ. ಒಂದು ಪುಟ್ಟ ಹುಡುಗಿ ನಾಲಿಗೆ ಕಚ್ಚಿಕೊಂಡು ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಎತ್ತಿ ತೋರಿಸಿದಾಗ ಹೆಂಡತಿಯ ಕಣ್ಣು ತುಂಬಿತು. ನನ್ನದೂ. ಕಾಕಾ ಮಾತ್ರ ಸೋಫಾದಲ್ಲಿ ಕೂತು, ಇಷ್ಟು ಗದ್ದಲದಲ್ಲಿ ಮಧ್ಯಾಹ್ನ ಹೇಗೆ ಎಂದು ಚಿಂತಿಸುತ್ತಿದ್ದರು.

ಮೇಜಿನ ತುಂಬ ಪಾಟಿ, ಪುಸ್ತಕ, ಬಣ್ಣ. ಮಧ್ಯಾಹ್ನ ಅವ್ವನ ಮಣೆಯ ಪಕ್ಕ ನೆಲದ ಮೇಲೆಯೇ ತಾಟು ಹಾಕಿಕೊಂಡು ಶ್ರೀಖಂಡ-ಪೂರಿ ತಿಂದೆವು. ಮೇಜಿನ ಊಟ ಅವ್ವನಿಗೆ ಎಂದೂ ಸೇರದು. ನಾವು ಮೇಲೆ, ಅವಳೊಬ್ಬಳೇ ಕೆಳಗೆ, ಹೀಗೇ ವರ್ಷಗಳಿಂದ ನಡೆದಿತ್ತು.

ಸಂಜೆ ಬನ್ನಿ ಬಂತು, ಕೊಟ್ಟು ತೆಗೆದುಕೊಂಡೆವು. ಕೂಡಲೇ ನಾನು ಉಳಿ ಹಿಡಿದು ಮೇಜಿನತ್ತ ನಡೆದೆ. ಹೆಂಡತಿ ಅಡ್ಡ ಬಂದಳು.

"ಬಿಡ್ರಿ, ಅಲ್ಲೇ ಇರ್ಲಿ."

ತಪ್ಪು ನನ್ನದು, ಹಾಳೆ ನೋಡಿಕೊಳ್ಳಬೇಕಿತ್ತು ಎಂದೆ. ಅವಳು ಸೆರಗಿನ ತುದಿ ತಿರುವುತ್ತ ಹೇಳಿದಳು: "ಆವತ್ತ ಅಂಟು ಸೋರೂದು ನಾ ನೋಡಿದ್ದೆ. ಒರಸಬೇಕಂತ ಬಟ್ಟಿನೂ ತಂದಿದ್ದೆ. ಮತ್ತ ಒಳಗ ಇಟ್ಟೆ."

ನಾನು ಉಳಿ ಹಿಡಿದುಕೊಂಡೇ ನಿಂತೆ. ಅದೆಲ್ಲ ಸರಿ, ಆದರೆ ಹಾಳೆ ಎಲ್ಲಿ ಹೋಯಿತು ಎಂದೆ. ತನಗೆ ದೇವರಾಣೆ ಗೊತ್ತಿಲ್ಲ ಎಂದಳು.

ಮಣೆಯ ಮೇಲೆ ಕೂತು ಉಳಿದ ಶ್ರೀಖಂಡ ತಿನ್ನುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ನನ್ನ ಗಾದಿ ಕೆಳಗ ಮಡಚಿಟ್ಟೇನಿ. ನೀ ಬಾಗಲಾ ತಗ್ಯಾಕ ಹೋದಿ ನೋಡು, ಆವಾಗ ಎಳಕೊಂಡೆ. ಆ ಉಳಿ ಇಟ್ಟು ಕೆಳಗ ಕೂಡು ಬಾರಪಾ, ರಾತ್ರಿ ಊಟಕ್ಕ ತಾಟು ಹಾಕೇನಿ."