ಅರ್ಧ ಕೆ.ಜಿ. ಹೆಚ್ಚು ತೂಗಿದ ಸ್ವೇ ಬಾರ್

ನಂಜನಗೂಡಿನ ಬಜಾರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನ್‌ಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಪೇಪರಿನವನು ಭಾನುವಾರದ ಪುರವಣಿ ಎಗರಿಸುತ್ತಾನೆ, ಪೆಟ್ರೋಲ್ ಬಂಕಿನವನು ಮೀಟರು ಸೊನ್ನೆಗೆ ಬರುವ ಮುಂಚೆಯೇ ಪೈಪು ತುರುಕುತ್ತಾನೆ. ಹೆಂಡತಿ ಶಿವರಂಜನಿ ಮಾಡಿದ ಚಿತ್ರಾನ್ನದಲ್ಲಿ ಕಡಲೆಬೀಜ ಕಡಿಮೆ ಕಂಡರೆ ಅದು ತವರಿಗೆ ಸಾಗಿತೇನೋ ಎಂಬ ಗುಮಾನಿ. (ಆಕೆಯ ತವರು ಮೂಗೂರು. ಅಲ್ಲಿ ಅವರಪ್ಪ ಬೆಳೆಯುವುದೇ ಕಡಲೆಕಾಯಿ. ಅನುಮಾನಕ್ಕೆ ಅಷ್ಟೆಲ್ಲ ವಿಚಾರಿಸುವ ಪುರುಸೊತ್ತು ಇರುವುದಿಲ್ಲ.)

ಇಂಥವನು 2004ರಲ್ಲಿ ಮೈಸೂರಿನ ಡಾಕ್ಟರೊಬ್ಬರಿಂದ ಕೆಂಪು ಕಾರೊಂದನ್ನು ಕೊಂಡ. ಸೆಕೆಂಡ್ ಹ್ಯಾಂಡಾದರೂ ನೂರಕ್ಕೂ ಹೆಚ್ಚು ಕುದುರೆಗಳ ಶಕ್ತಿ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಆದರೆ ತಿರುವಿನಲ್ಲಿ ಜೋರಾಗಿ ತಿರುಗಿಸಿದರೆ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು. ಯಾವ ಕಾರಾದರೂ ವಾಲುತ್ತದೆ. ಮಲ್ಲಿಕಾರ್ಜುನ್ ಮಾತ್ರ ಡಾಕ್ಟರು ಏನೋ ಮುಚ್ಚಿಟ್ಟು ಮಾರಿದ್ದಾರೆ ಎಂದು ತೀರ್ಮಾನಿಸಿದ.

ಒಂದು ಭಾನುವಾರ ಟಿ. ನರಸೀಪುರದ ರಸ್ತೆಯಲ್ಲಿ, ನಾಲೆಯ ಪಕ್ಕದ ತಿರುವಿನಲ್ಲಿ, ಶಿವರಂಜನಿಯ ತೊಡೆಯ ಮೇಲಿದ್ದ ಗಸಗಸೆ ಪಾಯಸದ ಡಬ್ಬಿ ಮಗುಚಿ ಪಾಯಸವೆಲ್ಲ ರೇಷ್ಮೆ ಸೀರೆಯ ಪಾಲಾಯಿತು.

"ನಿಧಾನಕ್ಕೆ ಓಡ್ಸಿದ್ರೆ ಆಗ್ತಿರ್ಲಿಲ್ವಾ?" ಎಂದಳು.

"ನಿಧಾನಕ್ಕೆ ಓಡ್ಸೋ ಹಂಗಿದ್ರೆ ಎತ್ತಿನಗಾಡಿ ತಗೋತಿದ್ದೆ."

"ಅದ್ರಲ್ಲಿ ಪಾಯ್ಸ ಚೆಲ್ತಿರ್ಲಿಲ್ಲ ಕಣ್ರೀ."

ಆ ಮಾತು ನಾಟಿತು. ಕಾರುಗಳ ಮ್ಯಾಗಜೀನ್ ತರಿಸಿ ಓದಿ ಮಲ್ಲಿಕಾರ್ಜುನ್ ಜ್ಞಾನಿಯಾದ. ಜಗತ್ತಿನಲ್ಲಿ ಸ್ವೇ ಬಾರ್ ಎಂಬ ವಸ್ತು ಇದೆ. ಅದೊಂದು ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ಕಂಬಿ. ಹಿಂದಿನ ಎರಡು ಚಕ್ರಗಳ ನಡುವೆ ಬಿಗಿದರೆ ಕಾರು ವಾಲಲು ಹೊರಟಾಗ ತಿರುಚಿಕೊಂಡು ಅದನ್ನು ತಡೆಯುತ್ತದೆ. ಕೊಯಮತ್ತೂರಿಗೆ ಬರೆದು ತರಿಸಿದ. ಪೆಟ್ಟಿಗೆಯ ಮೇಲೆ ತೂಕವನ್ನೂ ಅಚ್ಚು ಹಾಕಿದ್ದರು: ನಾಲ್ಕೂವರೆ ಕೆ.ಜಿ. ಆ ಸಾಲಿನ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದ.

ಹಾಕಿಸಲು ಮಾದುವಿನ ಷೆಡ್ಡಿಗೆ ಹೋದ. ಹೆಮ್ಮರಗಾಲದ ಮಾದು ನರಸೀಪುರದ ರಸ್ತೆಯಲ್ಲಿ ತಗಡಿನ ಷೆಡ್ಡು ಹಾಕಿ ಹನ್ನೊಂದು ವರ್ಷವಾಗಿತ್ತು. ಬೋನೆಟ್ ಎತ್ತದೆ ಸದ್ದಿನಲ್ಲೇ ಕಾಯಿಲೆ ಹೇಳುವ ಕೈಗುಣದವನು. ಷೆಡ್ಡಿಗೆ ಬೋರ್ಡಿಲ್ಲ. ಮಾದು ಒಳ್ಳೆಯ ಪಾರ್ಟು ತೆಗೆದು ಕೆಟ್ಟದ್ದು ಹಾಕುವವನಲ್ಲ ಎಂದು ಜನ ಹೇಳುವ ಒಂದು ಮಾತೇ ಅವನ ಬೋರ್ಡು, ಬಂಡವಾಳ ಎಲ್ಲ. ಆ ಮಾತು ಹೋದರೆ ಉಳಿಯುವುದು ತಗಡು.

ಮಲ್ಲಿಕಾರ್ಜುನ್ ಸ್ಟೂಲು ಹಾಕಿಸಿಕೊಂಡು ಕಾವಲು ಕೂತ. ಹೋಟೆಲಿನಿಂದ ಟೀ ಬಂತು, ಇವನಿಗೆ ಗಾಜಿನ ಲೋಟದಲ್ಲಿ, ಮಾದುವಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ. (ಅದನ್ನು ಇಬ್ಬರೂ ಗಮನಿಸಿದರು. ಅನುಮಾನ ಮಾತ್ರ ಒಬ್ಬನಿಗೂ ಬರಲಿಲ್ಲ. ಇಂಥ ವಿಷಯಗಳಲ್ಲಿ ನಾವು ಬಹಳ ನಂಬಿಕಸ್ಥರು.)

"ಸಾ, ತುದೀಲಿ ಮೂರು ತೂತು ಅದೆ," ಎಂದ ಮಾದು ಕಾರಿನ ಅಡಿಯಿಂದ. "ಒಳಗಿನ ತೂತಿಗಾಕುದ್ರೆ ಗಟ್ಟಿ, ಕೊನೇದಕ್ಕಾಕುದ್ರೆ ಮೆತ್ತಗೆ. ನಡೂಕಾಕ್ಲಾ?"

"ಗಟ್ಟೀನೇ ಹಾಕು. ಮೆತ್ತಗಿರೋಕೆ ಯಾಕೆ ತರಿಸಿದ್ದು?"

"ತೀರಾ ಗಟ್ಟಿಯಾದ್ರೆ ಮರಳಲ್ಲಿ ಇಂದ್ಗಡೆ ಜಾರ್ತದೆ ಸಾ."

ಮೆತ್ತಗೆ ಹಾಕಲು ಇವನಿಗೇನು ಲಾಭ ಎಂದು ಮಲ್ಲಿಕಾರ್ಜುನ್ ಯೋಚಿಸಿದ. ಗಟ್ಟಿಯೇ ಹಾಕಿಸಿದ.

ಸಂಜೆ ಪರೀಕ್ಷೆ. ಶಿವರಂಜನಿಯ ಕೈಗೆ ನೀರು ತುಂಬಿದ ಸ್ಟೀಲಿನ ಚೊಂಬು ಕೊಟ್ಟು ಮುಂದೆ ಕೂರಿಸಿದ. ಕಾರು ನಾಲೆಯ ತಿರುವಿಗೆ ನುಗ್ಗಿತು. ಒಂದಿಂಚೂ ವಾಲಲಿಲ್ಲ. ಅದರ ಬದಲು ರಸ್ತೆಯಂಚಿನ ಮರಳಿನಲ್ಲಿ ಹಿಂಭಾಗ ಜಾರಿ, ಕಾರು ಅರ್ಧ ಪ್ರದಕ್ಷಿಣೆ ಹಾಕಿ, ಬಂದ ದಾರಿಗೇ ಮುಖ ಮಾಡಿ ನಿಂತಿತು.

"ಈಗ ಪರವಾಗಿಲ್ಲ," ಎಂದಳು ಶಿವರಂಜನಿ, ಮುಖದ ನೀರು ಒರೆಸಿಕೊಳ್ಳುತ್ತ. "ಮನೆ ಕಡೇಗೇ ತಿರುಗಿದೆ. ನಡೀರಿ." ಚೊಂಬು ಎಲ್ಲಿ ಹಾರಿತೆಂದು ಇಬ್ಬರೂ ನೋಡಲಿಲ್ಲ.

ಮರುದಿನ ಮಾದು ಕಂಬಿಯನ್ನು ಬಿಚ್ಚಿ, ರಬ್ಬರಿಗೆ ಗ್ರೀಸ್ ಹಚ್ಚಿ, ನಡುವಿನ ತೂತಿಗೆ ಹಾಕಿ ಬಿಗಿದ. ಅಷ್ಟರಲ್ಲಿ ಮಲ್ಲಿಕಾರ್ಜುನ್ ಊಟಕ್ಕೆ ಹೋಗಿಬಂದಿದ್ದ. ಮುಕ್ಕಾಲು ಗಂಟೆ. ಇಡೀ ವ್ಯವಹಾರದಲ್ಲಿ ಅವನ ಕಣ್ಣಿಲ್ಲದ ಮುಕ್ಕಾಲು ಗಂಟೆ ಅದೊಂದೇ, ಮತ್ತು ಕಾರಿನ ಹಿಂದಿನಿಂದ ಟಣ್ ಟಣ್ ಎಂಬ ಸದ್ದು ಇವನ ಕಿವಿಗೆ ಬಿದ್ದದ್ದು ಆಮೇಲೆಯೇ.

"ಕಂಬಿ ಬದಲಾಯಿಸಿದ್ದಾನೆ," ಎಂದ ಹೆಂಡತಿಗೆ.

"ಯಾರು, ಮಾದುನಾ? ನಮ್ಮಪ್ಪನ ಜೀಪ್ ಮಾಡಿದ್ದು ಅವ್ನೇ. ಹಳೇ ಪಾರ್ಟ್‌ನೆಲ್ಲ ಪೇಪರಲ್ಲಿ ಸುತ್ತಿ ಕೊಟ್ಟಿದ್ದ."

"ನೋಡ್ದಾ? ಅಷ್ಟು ನಿಯತ್ತು ತೋರಿಸ್ತಾನೆ ಅಂದ್ರೇನೇ ಏನೋ ಇದೆ."

ಮಲ್ಲಿಕಾರ್ಜುನ್ ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಮಾದುವನ್ನು ಕರೆಸಿ, ಕಂಬಿಯನ್ನು ಬಿಚ್ಚಿಸಿ, ತನ್ನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟ. ಕೆಂಪು ಅಂಕಿಗಳು ಕುಣಿದು ನಿಂತವು. ಐದು ಕೆ.ಜಿ.

ಮಲ್ಲಿಕಾರ್ಜುನ್ ಪೆಟ್ಟಿಗೆ ತಂದು ಎರಡು ಗೆರೆಯ ಸಾಲನ್ನು ಎತ್ತಿ ತೋರಿಸಿದ. ಹೊಸ ಮನೆಗೆ ಮೋಲ್ಡಿಂಗ್ ಹಾಕಿಸಲು ಸರಳು ಕೊಳ್ಳಲು ಬಂದಿದ್ದ ಕವಲಂದೆಯ ಶಂಭುಲಿಂಗಪ್ಪ ಕನ್ನಡಕ ಏರಿಸಿಕೊಂಡು ಓದಿದರು. ಅಕ್ಕಪಕ್ಕದ ಅಂಗಡಿಯವರೂ ಸೇರಿದರು.

"ನಾಲ್ಕೂವರೆ ಕೆ.ಜಿ. ಕಂಬಿ ಐದು ಹೆಂಗಾಯ್ತು?" ಎಂದು ಮಲ್ಲಿಕಾರ್ಜುನ್ ಬೀದಿಗೆಲ್ಲ ಕೇಳುವಂತೆ ಗುಡುಗಿದ. "ನಂದು ಒಳ್ಳೇ ಸ್ಪ್ರಿಂಗ್ ಉಕ್ಕು, ಹಗೂರ. ಇದು ಲೋಕಲ್ ಕಬ್ಬಿಣ, ದಪ್ಪ. ಕಳ್ಳ. ಇವನ ಷೆಡ್ಡಿಗೆ ಇನ್ಮೇಲೆ ಯಾರೂ ಗಾಡಿ ಬಿಡಬೇಡಿ."

ಮಾದು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈ ಆಗಲೇ ಒಣಗಿತ್ತು. ಸೇರಿದವರಲ್ಲಿ ಮೂರು ಜನರ ಗಾಡಿಗಳು ಅವತ್ತು ಅವನ ಷೆಡ್ಡಿನಲ್ಲೇ ಇದ್ದವು. ಒಬ್ಬರು ಹೋಗಿ ತರೋಣವೇ ಎಂಬಂತೆ ಆ ಕಡೆ ನೋಡಿದರು. ಹನ್ನೊಂದು ವರ್ಷದ ಮಾತು ಕರಗಲು ಒಂದು ನಿಮಿಷ ಸಾಕು, ಕೂಗುವವನು ಅಂಗಡಿಯ ಯಜಮಾನನಾಗಿದ್ದರೆ.

"ಸಾ," ಎಂದ ಮಾದು, "ಬ್ಯಾರೆ ತಕ್ಡೀಲಿ ಒಂದ್ಸಲ ತೂಗ್ಬುಡಿ. ಆಗ್ಲೂ ಐದೇ ಬಂದ್ರೆ ನಾನೇ ಷೆಡ್ಡಿಗೆ ಬೀಗ ಆಕ್ತೀನಿ."

"ನನ್ನ ತಕ್ಕಡಿ ಮೇಲೇ ಅನುಮಾನನಾ?" ಮಲ್ಲಿಕಾರ್ಜುನ್‌ಗೆ ನಿಜವಾಗಿಯೂ ನೋವಾಯಿತು. ಲೋಕದಲ್ಲಿ ಅವನು ನಂಬಿದ್ದ ವಸ್ತು ಅದೊಂದೇ.

ಮನೆ ಅಂಗಡಿಯ ಮೇಲೆಯೇ. ಬಾಲ್ಕನಿಯಿಂದ ಎಲ್ಲ ನೋಡುತ್ತಿದ್ದ ಶಿವರಂಜನಿ ದಡದಡನೆ ಇಳಿದು ಬಂದಳು. ಸೊಂಟದ ಮೇಲೆ ಐದು ಕೆ.ಜಿ. ಗೋಧಿಹಿಟ್ಟಿನ ಚೀಲ, ಹೊಲಿಗೆ ಬಿಚ್ಚದ್ದು. "ಬೇರೆ ತಕ್ಕಡಿ ಯಾಕೆ ಬೇಕು? ಇದು ಕಂಪನಿ ಸೀಲ್ ಹಾಕಿರೋ ಐದು ಕೆ.ಜಿ. ಇದನ್ನ ಇಡಿ. ಐದೇ ಬಂದ್ರೆ ತಕ್ಕಡಿ ಸರಿ, ಮಾದು ತಪ್ಪು. ಯಾಕ್ರೀ ಹಂಗ್ ನೋಡ್ತೀರ?"

ಮಲ್ಲಿಕಾರ್ಜುನ್ ಹಂಗೆ ನೋಡುತ್ತಿದ್ದದ್ದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ, ತಕ್ಕಡಿ ಹೊಸದಾಗಿ ಬಂದಾಗ, ಗುರುತಿನವನೊಬ್ಬನಿಂದ ಅದರ ಹೊಟ್ಟೆ ಬಿಚ್ಚಿಸಿ ಅದನ್ನೂ ಒಂದಿಷ್ಟು ಟ್ಯೂನ್ ಮಾಡಿಸಿದ್ದ. ಆ ಸಂಗತಿ ಅವನಿಗೆ ಈಗ ನೆನಪಾಯಿತು. ದಿನಾ ನೋಡಿ ನೋಡಿ ಅದು ತೋರಿಸಿದ್ದೇ ತೂಕ ಎಂದು ಅವನ ಕಣ್ಣು ಒಪ್ಪಿಬಿಟ್ಟಿತ್ತು.

"ಬೇಡ ಬಿಡು, ಹಿಟ್ಟು ಚೆಲ್ಲುತ್ತೆ," ಎಂದ.

"ಸೀಲ್ ಹಾಕಿದೆ ಅಂದೆನಲ್ಲ," ಎಂದು ಅವಳು ಇಟ್ಟೇಬಿಟ್ಟಳು.

ಐದು, ಐದು, ಐದು, ಐದು. ಐದು ಕೆ.ಜಿ. ಐನೂರ ಐವತ್ತೈದು ಗ್ರಾಂ. ನಾಲ್ಕು ಐದುಗಳು ಸಾಲಾಗಿ ನಿಂತು ನಕ್ಕವು.

ಶಂಭುಲಿಂಗಪ್ಪ ಚೀಲ ನೋಡಿದರು, ಅಂಕಿ ನೋಡಿದರು, ಆಮೇಲೆ ನಿಧಾನವಾಗಿ ತಿರುಗಿ ಟೆಂಪೋದಲ್ಲಿ ತುಂಬಿದ್ದ ತಮ್ಮ ಸರಳುಗಳನ್ನು ನೋಡಿದರು. "ಮಲ್ಲಿಕಾರ್ಜುನ್," ಎಂದರು ಬಹಳ ಮೆತ್ತಗೆ, "ಓದ್ ವರ್ಸ ನಮ್ ದನದ ಕೊಟ್ಟಿಗೆಗೂ ಇಲ್ಲೇ ಅಲ್ವಾ ತಗಂಡಿದ್ದು?"

ಶಿವರಂಜನಿಗೆ ಆಗ ಅರ್ಥವಾಯಿತು. ಗಂಡನನ್ನು ನೋಡಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಕಡಲೆಬೀಜದ ಲೆಕ್ಕ ಕೇಳಿಸಿಕೊಂಡವಳ ನೋಟ ಅದು. ಅದರ ತೂಕ ತೋರಿಸುವ ತಕ್ಕಡಿ ಇನ್ನೂ ಬಂದಿಲ್ಲ.

ಮಲ್ಲಿಕಾರ್ಜುನ್ ಮಾದುವಿನ ಹತ್ತಿರ ಸರಿದು, "ಏನೋ ತಪ್ಪು ತಿಳುವಳಿಕೆ ಆಯ್ತಪ್ಪ," ಎಂದು ಗೊಣಗಿದ.

"ಕಳ್ಳ ಅನ್ನೋವಾಗ ಬೀದಿಗೆಲ್ಲ ಕೇಳೋಂಗೆ ಅಂದ್ರಿ ಸಾ," ಎಂದ ಮಾದು. "ಇದ್ನ ನನ್ ಕಿವಿಗೆ ಮಾತ್ರ ಯೋಳ್ತಾ ಇದ್ದೀರಲ್ಲ."

ಶಂಭುಲಿಂಗಪ್ಪ ಕೆಮ್ಮಿದರು. ಕೊನೆಗೆ ಮಲ್ಲಿಕಾರ್ಜುನ್ ಕೂಗಬೇಕಾಯಿತು. ಮಾದುವಿನ ತಪ್ಪಿಲ್ಲ, ತಪ್ಪು ತನ್ನದು ಎಂದು. ಎದುರು ಅಂಗಡಿಯವರು ಕೇಳಿಸಲಿಲ್ಲ ಎಂದು ಮತ್ತೊಮ್ಮೆ ಹೇಳಿಸಿದರು.

ಮಾದು ಕಂಬಿಯನ್ನು ಮತ್ತೆ ಬಿಗಿಯಲು ಕಾರಿನಡಿ ತೂರಿ, ಹೊರಬಂದ ಮೇಲೆ ಬಾಗಿಲು ತೆಗೆದು ಹಿಂದಿನ ಸೀಟಿನ ಕೆಳಗೆ ಕೈ ಹಾಕಿದ. "ತಗಳಿ ಅಮ್ಮಾವ್ರೆ, ಟಣ್ ಟಣ್ ಇದೇಯ," ಎಂದು ಸ್ಟೀಲಿನ ಚೊಂಬನ್ನು ಶಿವರಂಜನಿಯ ಕೈಗಿಟ್ಟ.

ಆಮೇಲಿನ ತಿಂಗಳಲ್ಲಿ ಆ ಕೆಂಪು ಕಾರನ್ನು ನಂಜನಗೂಡಿನಿಂದ ನರಸೀಪುರದವರೆಗೆ ಎಲ್ಲರೂ ನೋಡಿದರು. ನೆತ್ತಿಯ ಮೇಲೆ ಹಗ್ಗ ಬಿಗಿದ ಸರಳಿನ ಕಟ್ಟು, ಮುಂದಿನ ಸೀಟಿನಲ್ಲಿ ಯಾರ ಮನೆಗೆ ಎಷ್ಟು ಕಮ್ಮಿ ಬಿದ್ದಿತ್ತೆಂಬ ಪಟ್ಟಿ ಹಿಡಿದ ಶಿವರಂಜನಿ. ನೂರು ಚಿಲ್ಲರೆ ಕುದುರೆಗಳು ಇಪ್ಪತ್ತರ ವೇಗದಲ್ಲಿ ತೆವಳುತ್ತಿದ್ದವು. ನಾಲೆಯ ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಿತು. ಮಲ್ಲಿಕಾರ್ಜುನ್ ಷೆಡ್ಡಿನ ಮುಂದೆ ನಿಲ್ಲಿಸಿ, ಇಳಿಯದೆಯೇ, ಒಳಗಿನ ತೂತಿಗೆ ಹಾಕಿದರೆ ಹೇಗೆ ಎಂದು ಕೇಳಿದ.

"ತಲೆ ಮೇಲೆ ಅಷ್ಟು ಒತ್ಕಂಡ್ರೆ ಯಾವ್ ತೂತಿಗಾಕುದ್ರೂ ವಾಲ್ತದೆ ಸಾ," ಎಂದ ಮಾದು. ಷೆಡ್ಡಿನಲ್ಲಿ ಅವತ್ತು ಏಳು ಗಾಡಿಗಳಿದ್ದವು. "ಮೊದ್ಲು ಅದ್ನ ಇಳಿಸ್ಬುಟ್ಟು ಬನ್ನಿ."

ಕವಲಂದೆ ತಲುಪಿದಾಗ ಶಂಭುಲಿಂಗಪ್ಪನವರ ಅಂಗಳದಲ್ಲಿ ಆಳುಗಳು ಸರಳು ಇಳಿಸಿದರು. ಒಳಗೊಯ್ಯಲು ಯಾರೂ ಮುಟ್ಟಲಿಲ್ಲ.

"ನಂಬಿಕೆ ಇಲ್ವಾ ಯಜಮಾನ್ರೇ?" ಎಂದ ಮಲ್ಲಿಕಾರ್ಜುನ್, ನಗಲು ಪ್ರಯತ್ನಿಸುತ್ತ.

"ಚೆ, ನಂಬ್ಕೆ ಇಲ್ದೆ ಏನು," ಎಂದರು ಶಂಭುಲಿಂಗಪ್ಪ. "ತಕ್ಡಿ ಬತ್ತಾ ಅದೆ, ಕೂತ್ಕಳಿ."

ಮಲ್ಲಿಕಾರ್ಜುನ್ ಕೂತ. ಶಿವರಂಜನಿ ಮಾತ್ರ ನಿಂತೇ ಇದ್ದಳು, ಅಂಕಿ ಸರಿಯಾಗಿ ಕಾಣುವ ಕಡೆಗೆ ಸರಿದು.