ಒದೆತ ಹುಟ್ಟುವ ಜಾಗ

ಒದೆತ ಹುಟ್ಟುವುದು ಕಾಲಿನಲ್ಲಲ್ಲ, ಸೊಂಟದಲ್ಲಿ. ಹಳಿಯಾಳದ ಕರಾಟೆ ಮಾಸ್ತರ ವೀರೇಶ ಇಪ್ಪತ್ತು ವರ್ಷಗಳಿಂದ ಶಿಷ್ಯರಿಗೆ ಹೇಳುತ್ತ ಬಂದ ಮಾತಿದು. ಆ ಸೊಂಟವೇ ಅವತ್ತು ಬೆಳಿಗ್ಗೆ ಏಳು ಗಂಟೆಗೆ ಕೈಕೊಟ್ಟಿತು.

ಅವತ್ತೇ ಆಗಬೇಕಿತ್ತೇ? ಹನ್ನೊಂದಕ್ಕೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವನ ಪ್ರದರ್ಶನವಿತ್ತು. ಹೆಡ್‌ಮಿಸ್ಟ್ರೆಸ್ ಸುಮಿತಾ ಟೀಚರ್ ಮೆಚ್ಚಿದರೆ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವ ಕೆಲಸ ಅವನದು. ಇಲ್ಲವಾದರೆ ಕ್ಲಾಸಿಗೆ ಬೀಗ. ಹಳಿಯಾಳ ಮೊದಲೇ ಕುಸ್ತಿಯ ಊರು; ಇಲ್ಲಿ ಕೂಸು ನಡೆಯುವುದಕ್ಕಿಂತ ಮೊದಲು ತೊಡೆ ತಟ್ಟುತ್ತದೆ. ಗಾಳಿಗೆ ಗುದ್ದುವ ವಿದ್ಯೆಯನ್ನು ಇಲ್ಲಿ ಯಾರು ಕೇಳಬೇಕು? ಶಿಷ್ಯರು ಹನ್ನೆರಡು ಮಂದಿ ಇದ್ದವರು ಮೂವರಾಗಿದ್ದರು. ಅವರಲ್ಲೂ ಒಬ್ಬ ಬರುತ್ತಿದ್ದದ್ದು ಬಿಳಿ ಡ್ರೆಸ್ಸಿನ ಆಸೆಗೆ.

ಇನ್ನೊಂದು ನೋವೂ ಇತ್ತು. ಇಷ್ಟು ವರ್ಷಗಳಲ್ಲಿ ವೀರೇಶ ಒಬ್ಬನೇ ಒಬ್ಬನಿಗೂ ನಿಜವಾಗಿ ಒದ್ದವನಲ್ಲ. ಅಭ್ಯಾಸದಲ್ಲಿ ಕಾಲು ಎದುರಾಳಿಯ ಎದೆಯಿಂದ ಒಂದು ಬೆರಳು ಈಚೆಗೇ ನಿಲ್ಲಬೇಕು, ಅದೇ ಶಿಸ್ತು. ಆ ಒಂದು ಬೆರಳಿನ ಸಂದಿಯಲ್ಲೇ ತನ್ನ ಆಯುಷ್ಯವೆಲ್ಲ ಸೋರಿಹೋಯಿತಲ್ಲ ಎಂದು ಅವನಿಗೆ ಒಮ್ಮೊಮ್ಮೆ ಅಳು ಬರುತ್ತಿತ್ತು.

ಅಂಗಳದಲ್ಲಿ ಕೊನೆಯ ಸಲ ನೋಡಿಬಿಡೋಣವೆಂದು ಬಲಗಾಲನ್ನು ಕಿವಿಯ ಮಟ್ಟಕ್ಕೆ ಎತ್ತಿದ. ಸೊಂಟದಲ್ಲಿ ‘ಕಟಕ್’ ಎಂದಿತು. ಕಾಲು ಹೇಗೋ ಕೆಳಗಿಳಿಯಿತು, ಮೈ ಮಾತ್ರ ಮೇಲೇಳಲಿಲ್ಲ. ಬಾಗಿದವನು ಬಾಗಿಯೇ ಉಳಿದ.

ಪಕ್ಕದ ಮನೆಯ ಮಾಲವ್ವ ಗೋಡೆಯಾಚೆಯಿಂದ ಇಣುಕಿದಳು. “ಏನ್ ಹುಡುಕಾಕತ್ತೀಯೋ ವೀರೇಶಾ? ಏನರ ಬಿತ್ತೇನು?”

“ಏನೂ ಬಿದ್ದಿಲ್ಲ ಚಿಗವ್ವಾ. ನಡ ಹಿಡದೈತಿ.”

ಐದು ನಿಮಿಷದಲ್ಲಿ ಓಣಿಯೆಲ್ಲ ಅಂಗಳದಲ್ಲಿತ್ತು. ಒಬ್ಬರು ಮುಲಾಮು ಎಂದರು, ಇನ್ನೊಬ್ಬರು ಬಿಸಿ ಇಟ್ಟಿಗೆ ಎಂದರು. ಮಾಲವ್ವ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದಳು.

“ಅದೆಲ್ಲಾ ಬಿಡ್ರಿ. ಹುಟ್ಟುವಾಗ ಕಾಲು ಮುಂದ ಮಾಡಿ ಬಂದವ್ರ ಹತ್ರ ಮೂರು ಸಲ ಒದಿಸ್ಕೋಬೇಕು. ಹಿಡದ ನಡ ನಿಂತಲ್ಲೇ ಬಿಡ್ತೈತಿ. ಊರಾಗ ಹಂತಾವ ಒಬ್ಬನ ಅದಾನ.”

“ಯಾರು?”

“ಗರಡಿ ಮನಿ ಶಂಕ್ರಪ್ಪ. ಅಂವ ಹುಟ್ಟಿದಾಗ ಬಿಸಿನೀರು ಕೊಟ್ಟಾಕಿನ ನಾನು. ಕಣ್ಣಾರೆ ಕಂಡೇನಿ.”

ಶಂಕ್ರಪ್ಪ ಕುಸ್ತಿ ಕಲಿಸುವ ವಸ್ತಾದ. ಇಬ್ಬರೂ ಒಂದೇ ಓಣಿಯಲ್ಲಿ ಒಂದೇ ದಿನ ಹುಟ್ಟಿದವರು. ಮೂರನೇ ಇಯತ್ತೆಯಿಂದ ವೀರೇಶನನ್ನು ನೆಲಕ್ಕೆ ಕೆಡವುತ್ತ ಬೆಳೆದವನು ಅವನು. ಈಗಲೂ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಏನಪಾ ಮಾಸ್ತರ, ಇವತ್ತ ನೀ ಗೆದ್ದ್ಯೋ, ಗಾಳಿ ಗೆದ್ದತೋ?” ಎಂದು ಕೇಳದೆ ಬಿಡುತ್ತಿರಲಿಲ್ಲ.

“ಸತ್ತರೂ ಅವನ ಕಡೆ ಹೋಗೂದಿಲ್ಲ,” ಎಂದ ವೀರೇಶ. ಒಂಬತ್ತೂವರೆಗೆ ಗರಡಿಯ ಬಾಗಿಲಲ್ಲಿ ಬಾಗಿ ನಿಂತಿದ್ದ.

ಶಂಕ್ರಪ್ಪನ ಮುಖ ಅರಳಿತು. “ಕರಾಟೆ ಮಾಸ್ತರಗ ಒದಿಯೂ ಪುಣ್ಯ ಯಾರಿಗೆ ಸಿಗತೈತಿ! ತಿರುಗಿ ನಿಂದ್ರಪಾ.”

ಇಲ್ಲಿ ವಿದ್ಯೆಯೇ ವೈರಿಯಾಯಿತು. ಬೆನ್ನ ಹಿಂದೆ ಹೆಜ್ಜೆ ಸರಿದ ಸದ್ದಾದರೆ ಅರ್ಧ ಹೆಜ್ಜೆ ಎಡಕ್ಕೆ ಜರುಗಬೇಕು ಎಂಬುದು ವೀರೇಶನ ಮೈಗೆ ಅಂಟಿಹೋದ ಪಾಠ. ಮೈ ತಾನಾಗಿ ಜರುಗಿತು. ಶಂಕ್ರಪ್ಪ ಗಾಳಿಗೆ ಒದ್ದು ಮುಗ್ಗರಿಸಿದ, ಗರಡಿಯ ಹುಡುಗರು ಗೊಳ್ಳೆಂದರು. ವೀರೇಶ ಜನ್ಮದಲ್ಲಿ ತಪ್ಪಿಸಿಕೊಂಡ ಮೊದಲ ನಿಜವಾದ ಒದೆತ ಅದು. ಆದರೆ ಹೆಮ್ಮೆಪಡಲು ಎದೆ ಸೆಟೆಸುವಂತಿರಲಿಲ್ಲ.

“ಹಿಡೀರಲೇ ಇವನ್ನ!” ಎಂದು ಶಂಕ್ರಪ್ಪ ಗುಡುಗಿದ.

ನಾಲ್ವರು ಪೈಲವಾನರು ಹಿಡಿದರು. ಮೂರು ಒದೆತ ಬಿದ್ದವು. ಮೂರನೆಯದಕ್ಕೆ ಹಿಡಿದವರ ಕೈಯೂ ಬಿಟ್ಟು ವೀರೇಶ ಅಖಾಡದ ಕೆಮ್ಮಣ್ಣಿನಲ್ಲಿ ಮುಖ ಊರಿದ. ಸೊಂಟ ಇದ್ದಲ್ಲೇ ಇತ್ತು.

ಶಂಕ್ರಪ್ಪನಿಗೂ ಪಾಪ ಅನಿಸಿರಬೇಕು. “ಸಾಲಿಗೆ ನಾನ ಬಿಡ್ತೇನಿ, ಬಾ,” ಎಂದು ಬೈಕಿನಲ್ಲಿ ಕೂರಿಸಿಕೊಂಡ. ಶಾಲೆಯ ಮೈದಾನದಲ್ಲಿ ಇನ್ನೂರು ಹುಡುಗಿಯರು ಸಾಲಾಗಿ ಕುಳಿತಿದ್ದರು. ಬಿಳಿ ಡ್ರೆಸ್ಸಿನ ಮುಂಭಾಗಕ್ಕೆಲ್ಲ ಕೆಮ್ಮಣ್ಣು, ಹಿಂಭಾಗದಲ್ಲಿ ಹೆಜ್ಜೆಯ ಗುರುತು. ವೀರೇಶ ನೆಲ ನೋಡುತ್ತ ಬಂದ.

ಸುಮಿತಾ ಟೀಚರ್ ಗಾಬರಿಯಾದರು. “ಅಯ್ಯ, ಯಾರ್ರೀ ಇವ್ರಿಗೆ ಹೊಡದವ್ರು?”

“ನಾನ ರೀ,” ಎಂದ ಶಂಕ್ರಪ್ಪ ಸಹಜವಾಗಿ. “ಅವರ ಒದಿ ಅಂದ್ರು.” ಅಷ್ಟು ಹೇಳಿ, ಮೆಟ್ಟಿಲು ಹತ್ತಲಾಗದ ವೀರೇಶನನ್ನು ಮೂಟೆಯಂತೆ ಹೆಗಲಿಗೆ ಎತ್ತಿ ವೇದಿಕೆಯ ಮೇಲೆ ಇಳಿಸಿದ. ಹುಡುಗಿಯರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ವೀರೇಶ ಬಾಗಿಕೊಂಡೇ ಒಂದು ಗುದ್ದು ತೋರಿಸಿದ. ಅದು ಅವನ ಮೊಣಕಾಲಿಗೇ ಬಿತ್ತು.

“ಮಾಸ್ತರ, ತಪ್ಪು ತಿಳೀಬ್ಯಾಡ್ರಿ,” ಎಂದರು ಸುಮಿತಾ ಟೀಚರ್. “ನೀವು ಮನಿಗೆ ಹೋಗಿ ಮಲಕೋರಿ. ಶಂಕ್ರಪ್ಪನವ್ರ, ನಾಳೆ ಮುಂಜಾನೆ ಹುಡುಗ್ಯಾರಿಗೆ ಕಲಸಾಕ ನೀವ ಬರ್ರಿ. ನಿಮಗ ಆಗದಿದ್ರ ಮಾತ್ರ ಮಾಸ್ತರನ್ನ ಮತ್ತೊಮ್ಮೆ ಕರಸೂಣು.”

ಪಕ್ಕದ ಸಾಂಬ್ರಾಣಿ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದ ವೀರೇಶನ ತಾಯಿ ಈರಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಳು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಐದು ಗಂಟೆಗೆ ಮಗ ನೆಟ್ಟಗೆ ನಿಂತ. ಸೊಂಟ ಬಂತು, ಕೆಲಸ ಹೋಯಿತು ಎಂದು ಗೋಡೆಗೆ ಹಣೆಯಿಟ್ಟು ಅತ್ತ.

ಕತೆಯೆಲ್ಲ ಕೇಳಿದ ಈರಕ್ಕ ಮಾಲವ್ವನನ್ನು ಕರೆದಳು. “ಶಂಕ್ರಪ್ಪ ತಲಿ ಮುಂದ ಮಾಡೇ ಹುಟ್ಟ್ಯಾನಲ್ಲ. ಕಾಲು ಮುಂದ ಮಾಡಿ ಬಂದಾಂವ ನನ್ನ ಮಗ! ನನ್ನ ಜೀವ ತಿಂದು ಹುಟ್ಟ್ಯಾನ, ನನಗ ಗೊತ್ತಿಲ್ಲೇನ?”

ಮಾಲವ್ವ ಕೆನ್ನೆಗೆ ಬೆರಳಿಟ್ಟಳು. “ಹೌದಲ್ಲವಾ! ಅವತ್ತ ಎರಡೂ ಮನಿಗೆ ನೀರು ಹೊತ್ತು ಹೊತ್ತು ನನ್ನ ತಲಿನ ತಿರುಗಿತ್ತು.”

ಸುದ್ದಿ ಓಣಿಗೆ ಹರಡಲು ಮಾಲವ್ವ ಹೊಸ್ತಿಲು ದಾಟಿದ್ದೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಅಂಗಳ ಮತ್ತೆ ತುಂಬಿತು. ಗುಂಪು ಸೀಳಿಕೊಂಡು ಒಬ್ಬ ಬಾಗಿ ಬಂದ. ಶಂಕ್ರಪ್ಪ!

“ನಿನ್ನ ಎತ್ತಿ ಇಳಿಸಿದ ಮ್ಯಾಲ ಹಿಡದೈತಿ ನೋಡಪಾ,” ಎಂದು ನರಳಿದ. “ನಾಳೆ ಸಾಲಿಗೆ ಹೋಗಬೇಕು. ಒದಿ ಮಾರಾಯಾ.”

ಒದೆಯದಿದ್ದರೆ ಕೆಲಸ ತನ್ನದೇ! ವೀರೇಶ ಹಿಂದೆ ಸರಿದ. ಈರಕ್ಕ ಬಿಡಲಿಲ್ಲ. “ಕೇಳಿದವ್ರಿಗೆ ಒಲ್ಲೆ ಅನಬಾರದಪಾ, ಪಾಪ ಬರತೈತಿ. ಮೆಲ್ಲಕ ಮುಟ್ಟಿಸು, ಸಾಕು.”

ಮೆಲ್ಲಕ? ವೀರೇಶ ಆ ಅಗಲವಾದ ಬೆನ್ನನ್ನು ನೋಡಿದ. ಮೂರನೇ ಇಯತ್ತೆ ನೆನಪಾಯಿತು, ಕೆಮ್ಮಣ್ಣು ನೆನಪಾಯಿತು. ಸರಿಯಾಗಿ ಒಂದು ಬಿದ್ದರೆ ತಿಂಗಳು ಮೇಲೇಳುವುದಿಲ್ಲ ಇವನು. ಉಸಿರು ಎಳೆದ, ಸೊಂಟ ತಿರುಗಿಸಿದ, ಒಂದು ಬೆರಳಿನ ಅಂತರವನ್ನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ದಾಟಿ ಒದ್ದ.

ಶಂಕ್ರಪ್ಪ ಬಟ್ಟೆ ಒಗೆಯುವ ಕಲ್ಲು ದಾಟಿ ಬಿದ್ದ. ಬಿದ್ದವನು ಎದ್ದ. ಎದ್ದು ನೆಟ್ಟಗೆ ನಿಂತು ಸೊಂಟ ಆಡಿಸಿ ನೋಡಿದ. “ಬಿಡ್ತು ನೋಡ್ರಿ! ಒಂದ ಒದಿಕಿಗೆ ಬಿಡ್ತು!” ಎಂದು ತೊಡೆ ತಟ್ಟಿದ. ಜನ ಸಿಳ್ಳೆ ಹಾಕಿದರು.

ವೀರೇಶ ಮಾತ್ರ ಅಲ್ಲಾಡಲಿಲ್ಲ. ‘ಕಟಕ್’ ಎಂದದ್ದು ಅವನೊಬ್ಬನಿಗೇ ಕೇಳಿಸಿತ್ತು.

“ಅಯ್ಯ, ಇವಂಗ ಮತ್ತ ಹಿಡೀತಲ್ಲವಾ!” ಎಂದಳು ಮಾಲವ್ವ. “ಇನ್ನ ಇವಂಗ ಒದಿಯವ್ರು ಯಾರು? ಊರಾಗ ಹಂತಾವ ಇವನೊಬ್ಬನ!”

ಮೂಗಿನ ಎದುರಿಗೇ ಇದ್ದ ತನ್ನ ಬಲಗಾಲನ್ನು ವೀರೇಶ ಕಣ್ತುಂಬ ನೋಡಿದ. ಅದನ್ನು ತನ್ನ ಸೊಂಟಕ್ಕೇ ಮುಟ್ಟಿಸುವ ಒದೆತವನ್ನು ಮಾತ್ರ ಯಾವ ಗುರುವೂ ಅವನಿಗೆ ಹೇಳಿಕೊಟ್ಟಿರಲಿಲ್ಲ.