ಪ್ರಗತಿಗೆ ಬೀಗ ಹಾಕಿದ ಸೈಕಲ್ಲುಗಳು

ಫ್ಯಾಕ್ಟರಿ ಗೇಟಿನ ಪಕ್ಕ ಕಿಟಕಿ ಇಟ್ಟುಕೊಂಡು ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಸೈಕಲ್ ಹತ್ತಿ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದೆ. ಕೆಲಸಗಾರರ ಹಾಜರಿ ಕಾರ್ಡು ನೋಡಿಕೊಳ್ಳುವುದು, ತಡವಾಗಿ ಬಂದವರ ಕಥೆ ಕೇಳುವುದು, ಇಷ್ಟೇ ಕೆಲಸ. ಒಂದು ಸಲ ನಮ್ಮ ಮ್ಯಾನೇಜರ್ ಸಾಹೇಬರು ಜರ್ಮನಿಗೆ ಹೋಗಿ ಬಂದರು. ಅಲ್ಲಿ ಕಾರ್ಖಾನೆಗಳ ಮುಂದೆ ಶಿಲ್ಪ ನಿಲ್ಲಿಸಿರುತ್ತಾರಂತೆ, ನಮಗೂ ಒಂದು ಬೇಕು ಅಂದರು. ಸಿಟಿಯಿಂದ ಒಬ್ಬರು ಶಿಲ್ಪಿ ಮೇಡಂ ಬಂದು, ನಮ್ಮದೇ ಗುಜರಿ ಪೈಪುಗಳನ್ನು ಬಗ್ಗಿಸಿ, ಸೊಂಟದೆತ್ತರದ ಕಮಾನುಗಳನ್ನು ಅಲೆಯ ಹಾಗೆ ಸಾಲಾಗಿ ನೆಟ್ಟು, ಕೆಂಪು ಬಣ್ಣ ಬಳಿಸಿದರು. ಹೆಸರು ‘ಪ್ರಗತಿ’.

೧. ಮೊದಲ ಗಿರಾಕಿ

ನಮ್ಮ ಸೈಕಲ್ ಸ್ಟ್ಯಾಂಡು ಇದ್ದದ್ದು ಕ್ಯಾಂಟೀನಿನ ಹಿಂದೆ. ಅಲ್ಲಿಗೆ ಹೋಗಿ ಸೈಕಲ್ ಬಿಟ್ಟು, ಮತ್ತೆ ಗೇಟಿಗೆ ಬಂದು ಕಾರ್ಡ್ ಪಂಚ್ ಮಾಡುವಷ್ಟರಲ್ಲಿ ಸೈರನ್ ನಿಂತಿರುತ್ತಿತ್ತು. ಶಿಲ್ಪದ ಉದ್ಘಾಟನೆಯಾದ ಮಾರನೆಯ ಬೆಳಿಗ್ಗೆ ಲಗ್ಗೆರೆಯಿಂದ ಬರುವ, ಲೇತ್ ನಡೆಸುವ ಒಬ್ಬ ಟರ್ನರ್ ಏದುಸಿರು ಬಿಡುತ್ತಾ ಬಂದ. ಸೈರನ್ ಕೂಗುತ್ತಿತ್ತು. ಅವನು ಎರಡು ಕಮಾನುಗಳ ನಡುವೆ ಮುಂದಿನ ಚಕ್ರ ತೂರಿಸಿದ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಚೈನು ಸುತ್ತಿ ಬೀಗ ಹಾಕಿ ಓಡಿ ಬಂದು ಕಾರ್ಡ್ ಪಂಚ್ ಮಾಡಿದ. ಆ ತಿಂಗಳಲ್ಲಿ ಅವನು ಹೊತ್ತಿಗೆ ಸರಿಯಾಗಿ ಬಂದದ್ದು ಅದೇ ಮೊದಲು.

ಸಾಹೇಬರು ಅವನನ್ನು ಕರೆಸಿ, ಅದೇನು ಅಂತ ಗೊತ್ತೇನಯ್ಯಾ ಎಂದು ಕೇಳಿದರು. ಅವನು ಅಭಿಪ್ರಾಯ ಕೇಳುತ್ತಿದ್ದಾರೆ ಅಂದುಕೊಂಡ. ಕೈ ಒರೆಸಿಕೊಂಡು ವಿನಯದಿಂದ ಹೇಳಿದ:

“ಸ್ಟ್ಯಾಂಡು ಚೆನ್ನಾಗಿದೆ ಸಾರ್. ಮೇಲೆ ಶೀಟ್ ಹಾಕ್ಸೋದು ಮರೆತಿದೀರಿ ಅಷ್ಟೇ. ಮಧ್ಯಾಹ್ನಕ್ಕೆ ಸೀಟು ಸುಡುತ್ತೆ.”

ಶನಿವಾರದ ಹೊತ್ತಿಗೆ ಪ್ರಗತಿಯಲ್ಲಿ ಒಂದು ಕಮಾನೂ ಖಾಲಿ ಇರಲಿಲ್ಲ.

೨. ಕಲಾಕೃತಿ ಮೇಡಂ

ಸಾಹೇಬರು ಬೋರ್ಡು ಬರೆಸಿ ನಿಲ್ಲಿಸಿದರು: ‘ಇದು ಕಲಾಕೃತಿ. ಇಲ್ಲಿ ಸೈಕಲ್ ನಿಲ್ಲಿಸಬಾರದು.’ ಕಾಯುವ ಜವಾಬ್ದಾರಿ ಗೇಟಿನ ವಾಚ್‌ಮನ್‌ಗೆ ಬಿತ್ತು. ಅವನು ಚಿಕ್ಕಬಾಣಾವರದ ಕಡೆಯವನು, ಬಹಳ ನಿಯತ್ತಿನ ಮನುಷ್ಯ. ಅಕ್ಷರಗಳನ್ನು ಕೂಡಿಸಿಕೊಂಡು ಬೋರ್ಡನ್ನು ಎರಡು ಸಲ ಓದಿದ. ಆಮೇಲೆ ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ನನಗೆ ಕಿಟಕಿಯಲ್ಲಿ ಕೇಳಿಸುತ್ತಿತ್ತು.

“ಬೋರ್ಡ್ ನೋಡ್ಲಿಲ್ವಾ? ಕಲಾಕೃತಿ ಅಂತ ಎಸ್ರು ಬರ್ದವ್ರೆ. ಆ ಯಮ್ಮ ಯಾವಾಗ ಬತ್ತಾರೋ ಏನೋ, ಅವ್ರ ಜಾಗ ಬುಟ್ಟು ನಿಲ್ಸಿ.”

ಜನ ಒಂದು ಕಮಾನು ಬಿಟ್ಟು ಮಿಕ್ಕಿದ್ದರಲ್ಲಿ ನಿಲ್ಲಿಸತೊಡಗಿದರು. ಹದಿನೈದು ದಿನ ಆ ಒಂದು ಜಾಗವನ್ನು ಅವನು ಯಾರಿಗೂ ಕೊಡಲಿಲ್ಲ. ಕೊನೆಗೊಂದು ದಿನ, ಬಣ್ಣ ಹೇಗಿದೆ ನೋಡಲು ಶಿಲ್ಪಿ ಮೇಡಂ ಬಸ್ಸಿಳಿದು ನಡೆದು ಬಂದರು. ಇದು ನಾನು ಮಾಡಿದ್ದು ಅಂದರು. ವಾಚ್‌ಮನ್ ಸೆಟೆದು ನಿಂತು ಸಲ್ಯೂಟ್ ಹೊಡೆದ.

“ಬನ್ನಿ ಕಲಾಕೃತಿ ಮೇಡಂ. ಸೈಕಲ್ ತರ್ಲಿಲ್ವಾ?”

೩. ಎಮ್ಮೆಯ ಒಪ್ಪಿಗೆ

ಕ್ಯಾಂಟೀನಿನ ಕಲಗಚ್ಚು ತೆಗೆದುಕೊಂಡು ಹೋಗಲು ಒಬ್ಬ ಮುದುಕ ಗೌಡರು ಬರುತ್ತಿದ್ದರು. ಕಾರ್ಖಾನೆ ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರದೇ ಹೊಲ. ಎಮ್ಮೆ ಹೊಡೆದುಕೊಂಡು ಬಂದು, ಕೊನೆಯ ಕಮಾನಿಗೆ ಕಟ್ಟಿ, ಒಳಗೆ ಹೋಗುವರು. ಸಾಹೇಬರು ಇದನ್ನು ನೋಡಿ ತಾವೇ ಇಳಿದು ಬಂದರು. ಇದು ಕಲೆ, ಇದಕ್ಕೆ ಎಮ್ಮೆ ಕಟ್ಟಬಾರದು ಎಂದು ನಿಧಾನವಾಗಿ ತಿಳಿಹೇಳಿದರು. ಗೌಡರು ತಲೆಯ ಮೇಲಿನ ಟವೆಲ್ ತೆಗೆದು ಪೂರ್ತಿ ಕೇಳಿಸಿಕೊಂಡರು.

“ಇಲ್ಲೇ ಸ್ವಾಮಿ ನಮ್ಮ ಉಣಸೆಮರ ಇದ್ದಿದ್ದು. ನಮ್ಮಪ್ಪ ಎಮ್ಮೆ ಕಟ್ತಿದ್ದಿದ್ದೂ ಇಲ್ಲೇ. ಮರ ತೆಗ್ದು ನೀವು ಕಬ್ಬಿಣ ನೆಟ್ರಿ. ನಂಗೂ ಮೊದ್ಲು ಒಂಥರಾ ಆಯ್ತು,” ಎಂದು ಎಮ್ಮೆಯ ಬೆನ್ನು ಸವರಿದರು. “ಈಗ ಪರವಾಗಿಲ್ಲ. ಎಮ್ಮೆ ಒಪ್ಕೊಂಡೈತೆ.”

ಎಮ್ಮೆ ಸಾಹೇಬರ ಎದುರಿಗೇ ಪ್ರಗತಿಗೆ ಕತ್ತು ಉಜ್ಜಿಕೊಂಡಿತು.

೪. ಸ್ವಲ್ಪ ಹೊತ್ತಿನ ಕಳ್ಳ

ಆಮೇಲೆ ದೆಹಲಿಯಿಂದ ಕಲೆ ಬಲ್ಲ ಅತಿಥಿಯೊಬ್ಬರು ಶಿಲ್ಪ ನೋಡಲು ಬರುತ್ತಾರೆಂದು ಕಾಗದ ಬಂತು. ಸಾಯಂಕಾಲ ನಾಲ್ಕಕ್ಕೆ ಬರುತ್ತಾರೆ, ಅಷ್ಟು ಹೊತ್ತಿಗೆ ಅಲ್ಲಿ ಒಂದು ಸೈಕಲ್ ಕಂಡರೂ ನಿನಗೆ ಮೆಮೊ ಅಂದರು ಸಾಹೇಬರು ನನಗೆ. ಎರಡು ಗಂಟೆಗೆ ಮೊದಲ ಪಾಳಿ ಬಿಡುತ್ತಿತ್ತು. ಅವರ ಸೈಕಲ್ಲು ಹೋದ ಮೇಲೆ ಹಗ್ಗ ಕಟ್ಟಿಬಿಟ್ಟರಾಯಿತು ಅಂತ ನಾನು ನಿಶ್ಚಿಂತೆಯಿಂದಿದ್ದೆ.

ಅತಿಥಿಗಳ ಕಾರು ಒಂದೂಮುಕ್ಕಾಲಿಗೇ ಬಂದು ನಿಂತಿತು.

ಪ್ರಗತಿಯ ತುಂಬ ಸೈಕಲ್ಲು. ಒಂದರ ಹ್ಯಾಂಡಲಿನಲ್ಲಿ ಊಟದ ಚೀಲ, ಇನ್ನೊಂದರ ಮೇಲೆ ಒಣಗಲು ಹಾಕಿದ ಬನಿಯನ್ನು. ಹೊಸದಾಗಿ ಮನೆ ಮಾಡಿದ್ದ ನಾನು ಮೆಮೊಗೆ ಏನು ಉತ್ತರ ಬರೆಯುವುದೆಂದು ಯೋಚಿಸತೊಡಗಿದೆ. ಗಡ್ಡದ ಅತಿಥಿಗಳು ಎರಡು ಸುತ್ತು ಹಾಕಿದರು. ಆಮೇಲೆ ಸಾಹೇಬರ ಕೈ ಹಿಡಿದುಕೊಂಡು, ಅಲುಗದ ಉಕ್ಕು, ಓಡುವ ಚಕ್ರ, ದುಡಿಯುವವನ ಬನಿಯನ್ನು, ಇಂಥ ಕಲ್ಪನೆ ನಾನೆಲ್ಲೂ ನೋಡಿಲ್ಲ ಅಂದರು. ಸಾಹೇಬರು ಬೆವರೊರೆಸಿಕೊಂಡು, ಮೊದಲಿನಿಂದಲೂ ನಮ್ಮ ಉದ್ದೇಶ ಅದೇ ಅಂದರು.

ಅದೇ ಹೊತ್ತಿಗೆ ನಮ್ಮ ಟರ್ನರ್, ಮನೆಗೆ ನೆಂಟರು ಬರುತ್ತಾರೆಂದು ಗೇಟ್ ಪಾಸ್ ತೆಗೆದುಕೊಂಡು ಬಂದು, ಬೀಗ ತೆಗೆದು ಸೈಕಲ್ ಎಳೆದ. ಶಿಲ್ಪದ ಒಂದು ಭಾಗ ಕಳವಾಗುತ್ತಿದೆ ಎಂದು ಅತಿಥಿಗಳು ಗಾಬರಿಯಾದರು. ವಾಚ್‌ಮನ್ ಓಡಿ ಹೋಗಿ ಕ್ಯಾರಿಯರ್ ಹಿಡಿದುಕೊಂಡ. ದಿನಾ ನೋಡ್ತೀಯಲ್ಲಣ್ಣ, ನನ್ನದೇ ಸೈಕಲ್ಲು ಅಂತ ಟರ್ನರ್ ಗೋಗರೆದ. ವಾಚ್‌ಮನ್ ಅವನ ಕಿವಿಯ ಹತ್ತಿರ ಬಗ್ಗಿದ.

“ನಂಗೊತ್ತು ಕಣ್ ಗುರು. ಸಾಯೇಬ್ರ ಮರ್ಯಾದೆ ಪ್ರಶ್ನೆ. ಒಂದೈದು ನಿಮಿಷ ಕಳ್ಳ ಆಗಿರು.”

೫. ಸೈಕಲ್ಲಿನ ಹಾಜರಿ

ಅಷ್ಟರಲ್ಲಿ ಸೈರನ್ ಆಯಿತು. ಅತಿಥಿಗಳು ನೋಡನೋಡುತ್ತಿದ್ದಂತೆ ಉಳಿದ ಕಲೆಯೂ ಬೆಲ್ ಹೊಡೆಯುತ್ತಾ ಹೊರಟುಹೋಯಿತು. ಐದು ನಿಮಿಷದಲ್ಲಿ ಎರಡನೇ ಪಾಳಿಯವರು ಬಂದು ಮತ್ತೆ ತುಂಬಿಸಿದರು. ಅತಿಥಿಗಳಿಗೆ ಅದು ಇನ್ನೂ ಇಷ್ಟವಾಯಿತು. ನನ್ನ ಮೆಮೊ ತಪ್ಪಿತು.

ಅದರ ಬದಲು ಮಾರನೆಯ ದಿನ ಸರ್ಕ್ಯುಲರ್ ಬಂತು: ಇನ್ನು ಮುಂದೆ ಪ್ರಗತಿ ಎಲ್ಲ ಹೊತ್ತೂ ತುಂಬಿರಬೇಕು, ಕೆಲಸಗಾರರು ಸೈಕಲ್ಲನ್ನು ಕಡ್ಡಾಯವಾಗಿ ಅಲ್ಲೇ ನಿಲ್ಲಿಸಬೇಕು.

ಆ ದಿನದಿಂದ ಅಲ್ಲಿ ಒಂದು ಸೈಕಲ್ಲೂ ಇಲ್ಲ. ಎಲ್ಲರೂ ಕ್ಯಾಂಟೀನಿನ ಹಿಂದಕ್ಕೆ ಹೋಗಿ, ಅಷ್ಟು ದೂರ ನಡೆದು ಬಂದು, ತಡವಾಗಿ ಕಾರ್ಡ್ ಪಂಚ್ ಮಾಡಿದರು. ನಾಲ್ಕನೇ ದಿನ ಸಾಹೇಬರು ಸರ್ಕ್ಯುಲರ್ ವಾಪಸ್ ತೆಗೆದುಕೊಂಡರು, ಐದನೇ ದಿನ ಸೈಕಲ್ಲುಗಳು ಮರಳಿ ಬಂದವು.

ಆದರೆ ಆ ನಾಲ್ಕು ದಿನಗಳ ನಡುವೆ ಸಾಹೇಬರು ನನ್ನನ್ನು ಯೂನಿಯನ್ ಕಾರ್ಯದರ್ಶಿಯ ಹತ್ತಿರ ಮಾತಾಡಲು ಕಳಿಸಿದ್ದರು. ಅವರು ಗಂಭೀರವಾದ ಮನುಷ್ಯ. ನಮ್ಮಷ್ಟಕ್ಕೆ ನಾವು ನಿಲ್ಲಿಸುವುದು ಬೇರೆ, ಕಂಪನಿ ಹೇಳಿ ನಿಲ್ಲಿಸುವುದು ಬೇರೆ ಅಂದರು. ಎಂಟು ಗಂಟೆ ಅಲ್ಲಿ ನಿಂತು ಸೈಕಲ್ಲು ಕಂಪನಿಯ ಕೆಲಸ ಮಾಡುತ್ತದೆ, ಆದ್ದರಿಂದ ಟೈಮ್ ಆಫೀಸಿನವರು ಸೈಕಲ್ಲಿಗೂ ಒಂದೊಂದು ಹಾಜರಿ ಕಾರ್ಡು ಕೊಡಬೇಕು ಎಂದು ಬೇಡಿಕೆ ಪತ್ರ ಮುಂದಿಟ್ಟರು.

ನಾನು ಅದನ್ನು ಓದಿ ಮುಗಿಸಿ, ತಡೆಯಲಾರದೆ ಕೇಳಿದೆ:

“ಪಂಕ್ಚರ್ ಆದ ದಿನ ಏನ್ ಮಾಡ್ಲಿ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

“ಸಿಕ್ ಲೀವ್ ಅಂತ ಬರ್ಕೊಳ್ಳಿ.”